ಟೆಸ್ಟ್ ಬೆಂಚ್ ಮುಂದಿನ ಸಾಲು

ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದು ಸಣ್ಣ ವಾಲ್ವ್ ಫ್ಯಾಕ್ಟರಿ. ಮೊದಲೆಲ್ಲ ಪ್ಲ್ಯಾನಿಂಗ್ ಅಂದರೆ ಗೋಡೆಯ ಬೋರ್ಡು, ನನ್ನ ಎಕ್ಸೆಲ್ ಹಾಳೆ, ಮತ್ತು ಯಾವ ಗಿರಾಕಿ ಜೋರಾಗಿ ಬೈದನೋ ಅವನ ಆರ್ಡರ್ ಮೊದಲು. ಡೆಲಿವರಿ ತಪ್ಪಿದಾಗಲೆಲ್ಲ ಇನ್ನೊಂದು ವಿಎಂಸಿ (ಲೋಹ ಕೊರೆದು ಆಕಾರ ಕೊಡುವ ಕಂಪ್ಯೂಟರ್ ಚಾಲಿತ ಮಷಿನ್) ಬೇಕು ಅಂತಲೇ ನನ್ನ ಹಟ. ಸಾಲದ ಕೊಟೇಶನ್ ಕೂಡ ತಂದಿಟ್ಟಿದ್ದೆ.

ಅದಕ್ಕೂ ಮುಂಚೆ ನೋಡೋಣ ಅಂತ ಫ್ರೆಪಲ್ ಅನ್ನೋ ಓಪನ್ ಸೋರ್ಸ್ ಪ್ಲ್ಯಾನಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಐಟಂ, ಆಪರೇಶನ್, ಮಷಿನ್, ಆರ್ಡರ್ ಎಲ್ಲವನ್ನೂ ಎಕ್ಸೆಲ್‌ನಿಂದಲೇ ಏರಿಸಬಹುದು. ಮಷಿನ್ ಕೆಪಾಸಿಟಿಗೂ ಮಾಲಿಗೂ ಮಿತಿ ಹಾಕಿ ಓಡಿಸಿದರೆ, ಕೈಲಾಗುವ ತಾರೀಖನ್ನಷ್ಟೇ ಹೇಳುತ್ತದೆ. ಮೊದಲ ಪ್ಲ್ಯಾನ್ ಭಾರೀ ಚಂದ ಬಂತು: ಒಂದು ಆರ್ಡರೂ ಲೇಟಿಲ್ಲ! ಆಗಲೇ ಅನುಮಾನ ಬಂತು. ನಾನು ತುಂಬಿದ ಅಂಕಿಗಳೇ ಸುಳ್ಳು.

ತಯಾರಾದ ವಾಲ್ವಿಗೆ ನೀರು ತುಂಬಿ ಒತ್ತಡ ಕೊಟ್ಟು ಸೋರಿಕೆ ನೋಡುವ ಟೆಸ್ಟ್ ಬೆಂಚ್ ಹತ್ತಿರ ಒಂದು ವಾರ ಸ್ಟಾಪ್‌ವಾಚ್ ಹಿಡಿದು ನಿಂತೆ. 4 ಇಂಚಿನ ಗೇಟ್ ವಾಲ್ವಿಗೆ ಎಪಿಐ 598 (ವಾಲ್ವ್ ಪರೀಕ್ಷೆಯ ಮಾನದಂಡ) ಪ್ರಕಾರ ಬಾಡಿ ಟೆಸ್ಟಿಗೆ 60 ಸೆಕೆಂಡ್, ಸೀಟಿಗೆ (ವಾಲ್ವ್ ಮುಚ್ಚಿಕೊಳ್ಳುವ ಜಾಗ) ಒಂದೊಂದು ಬದಿಗೂ 60 ಸೆಕೆಂಡ್ ಒತ್ತಡ ಹಿಡಿಯಬೇಕು. ಹಾಗಾಗಿ ಹಾಳೆಯಲ್ಲಿ ಒಂದಿಷ್ಟು ಸೇರಿಸಿ 5 ನಿಮಿಷ ಬರೆದಿದ್ದೆ. ಕ್ಲಾಂಪ್ ಬಿಗಿಯುವುದು, ನೀರು ತುಂಬುವುದು, ಒಳಗಿನ ಗಾಳಿ ಹೊರಗೆ ಬಿಡುವುದು, ಆಮೇಲೆ ನೀರು ಬಸಿಯುವುದು ಇವೆಲ್ಲ ಲೆಕ್ಕದಲ್ಲೇ ಇರಲಿಲ್ಲ. ನಿಜಕ್ಕೂ ಹಿಡಿದದ್ದು 18 ನಿಮಿಷ. 8 ತಾಸಿನ ಪಾಳಿಗೆ 26 ವಾಲ್ವ್, ಅದೂ ಚಹಾಕ್ಕೂ ಏಳದಿದ್ದರೆ. ಮಷಿನ್ ಶಾಪಿನಿಂದ ದಿನಕ್ಕೆ 35 ಬಂದು ಬೀಳುತ್ತಿದ್ದವು.

ಬೆಂಚ್ ಮುಂದಿನ ರಾಶಿಯನ್ನು ವರ್ಷಗಟ್ಟಲೆ ದಾಟಿಕೊಂಡೇ ಓಡಾಡಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಂದು ಕ್ಲಾಂಪ್ ಮಾಡಿಸಿ, ಒಂದರಲ್ಲಿ ಟೆಸ್ಟ್ ನಡೆವಾಗ ಇನ್ನೊಂದಕ್ಕೆ ನೀರು ತುಂಬುವಂತೆ ಮಾಡಿದೆವು. ವಿಎಂಸಿ ಕೊಟೇಶನ್ ಇನ್ನೂ ಡ್ರಾಯರಿನಲ್ಲೇ ಇದೆ.

ಬೆಳಗಾವಿಯಿಂದ ಬರುವ ಕಾಸ್ಟಿಂಗ್ (ಎರಕದ ಭಾಗಗಳು) ಮಾತ್ರ ಇವತ್ತಿಗೂ ತಲೆನೋವು. ಅವರು ಹೇಳುವುದು 15 ದಿನ, ನನ್ನ ರಿಜಿಸ್ಟರ್ ಹೇಳುವುದು 24. ಈಗ 24ನ್ನೇ ಹಾಕಿದ್ದೇನೆ. ಅವರಿಗೆ ಹೇಳಿಲ್ಲ, ಹೇಳಿದರೆ 33 ಮಾಡಿಯಾರು.

ಕ್ಯಾಲೆಂಡರ್‌ಗೆ ಸಿದ್ಧಾರೂಢರ ಜಾತ್ರೆ, ರಂಗಪಂಚಮಿ ಎರಡನ್ನೂ ರಜೆಯಾಗಿ ಸೇರಿಸಿದೆ. ಟೆಸ್ಟ್ ಬೆಂಚ್ ಹುಡುಗ ಸ್ಕ್ರೀನ್ ಇಣುಕಿ ನೋಡಿ, "ಸರ, ಮರುದಿನಾನೂ ಹಾಕ್ರಿ, ಬಣ್ಣ ಒಂದ ದಿನದಾಗ ಹೋಗೂದಿಲ್ಲ" ಅಂದ. ಅವತ್ತಿಗೆ ಅರ್ಧ ಕೆಪಾಸಿಟಿ ಹಾಕಿದ್ದೇನೆ.