ಪ್ಲಗ್ ಬಿಚ್ಚಿ ನೋಡಿದಾಗ

ನಮ್ಮಪ್ಪನ ಕಾಲದ ಪೆಟ್ರೋಲ್ ಅಂಬಾಸಿಡರ್ ಕಾರಿನ ರಿಪೇರಿಯನ್ನು ಮನೆಯಲ್ಲಿ ನಾನೇ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಅಂಗಡಿಯಲ್ಲಿ ಕೊಟ್ಟದ್ದು ಥ್ರೆಡ್‌ಗೆ ಸರಿಯಾಗಿ ಕೂತಿತು. ಊರೊಳಗೆ ಏನೂ ತೊಂದರೆ ಇರಲಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಇಂಜಿನ್ ಟಕಟಕ ಅನ್ನತೊಡಗಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಕೀ ಆಫ್ ಮಾಡಿದರೂ ಮೂರ್ನಾಲ್ಕು ಸಲ ಕುಲುಕಾಡಿಯೇ ನಿಂತಿತು.

ಆರಿದ ಮೇಲೆ ಪ್ಲಗ್ ಬಿಚ್ಚಿದೆ. ತುದಿಯ ಪಿಂಗಾಣಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು, ಸಣ್ಣ ಗುಳ್ಳೆಗಳು ಎದ್ದಿದ್ದವು. ಚೆನ್ನಾಗಿ ಓಡುವ ಇಂಜಿನ್ನಿನ ಪ್ಲಗ್ ತಿಳಿ ಕಾಫಿ ಬಣ್ಣಕ್ಕಿರುತ್ತದೆ. ನಾನು ಹಾಕಿದ್ದು ‘ಬಿಸಿ’ ಪ್ಲಗ್. ಅದರ ಪಿಂಗಾಣಿ ಮೂತಿ ಉದ್ದ, ಶಾಖ ಬೇಗ ಹೆಡ್‌ಗೆ, ಅಂದರೆ ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗಕ್ಕೆ, ಇಳಿಯುವುದಿಲ್ಲ. ಏರಿನಲ್ಲಿ ತುದಿ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ.

ಪ್ಲಗ್ ಹಿಡಿದಾಗಲೆಲ್ಲ ನನಗೆ ಗಾಟ್ಲೋಬ್ ಹೊನೋಲ್ಡ್ ನೆನಪಾಗುತ್ತಾನೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರಾಬರ್ಟ್ ಬಾಷ್ ಕಾರ್ಖಾನೆಯ ಇಂಜಿನಿಯರ್. ಮ್ಯಾಗ್ನೆಟೊ ಅಂದರೆ ಆಯಸ್ಕಾಂತದಿಂದ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಸಾಧನ. ಅದುವರೆಗಿನ ಬಾಷ್ ಮ್ಯಾಗ್ನೆಟೊದಲ್ಲಿ ಕಿಡಿ ಬರಬೇಕಾದರೆ ಸಿಲಿಂಡರ್ ಒಳಗೇ ಎರಡು ಲೋಹದ ತುದಿಗಳು ಕೂಡಿ ಬೇರೆಯಾಗಬೇಕಿತ್ತು. ಅದಕ್ಕೆ ಕಡ್ಡಿ, ಸ್ಪ್ರಿಂಗು, ಸವೆತ. ಹೊನೋಲ್ಡ್ ಮ್ಯಾಗ್ನೆಟೊದಲ್ಲೇ ಎರಡನೇ ಸುತ್ತು ತಂತಿ ಸುತ್ತಿ ವೋಲ್ಟೇಜ್ ಏರಿಸಿದ. ಕಿಡಿ ತಾನೇ ಅಂತರ ಹಾರಿತು. ಒಳಗೆ ಅಲುಗಾಡುವ ಭಾಗವೇ ಬೇಡವಾಯಿತು. 1902ರಲ್ಲಿ ಬಂದ ಆ ಏರ್ಪಾಡಿನಿಂದಲೇ ಪ್ಲಗ್ ಅನ್ನೋದು ಯಾರು ಬೇಕಾದರೂ ಕೊಂಡು ತಂದು ಹಾಕಿಕೊಳ್ಳುವ ಬಿಡಿಭಾಗವಾಯಿತು ಅಂತ ನನಗನ್ನಿಸುತ್ತದೆ. ನಮ್ಮ ಬೆಂಗಳೂರಿನ ಮೈಕೋ ಪ್ಲಗ್ ಕೂಡ ಅದೇ ಬಾಷ್ ಮನೆತನದ್ದು, ಅಲ್ವಾ?

ಈ ಸಲ ಕಾರಿನ ಕೈಪಿಡಿಯಲ್ಲಿದ್ದ ನಂಬರ್ ಬರೆದುಕೊಂಡು ಹೋದೆ. ಬೇರೆ ಕಂಪನಿಯ ಪ್ಲಗ್ ಕೊಟ್ಟರೆ ಹೊಂದಾಣಿಕೆ ಪಟ್ಟಿ ನೋಡಲೇಬೇಕು. ಈಗಿನ ಬಾಷ್‌ನಲ್ಲಿ ಪ್ಲಗ್ ನಂಬರಿನೊಳಗೆ ಶಾಖ ತೋರಿಸುವ ಅಂಕಿ ದೊಡ್ಡದಾದಷ್ಟು ಪ್ಲಗ್ ಬಿಸಿ, ಜಪಾನಿನ ಎನ್‌ಜಿಕೆ ಕಂಪನಿಯಲ್ಲಿ ಉಲ್ಟಾ. ಥ್ರೆಡ್ಡಿನ ಉದ್ದವನ್ನೂ ಹಳೆಯದರ ಪಕ್ಕ ಹಿಡಿದು ನೋಡಿದೆ. ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಕಿಡಿ ಹಾರುವ ಗ್ಯಾಪ್ 0.6 ಮಿ.ಮೀ.ಗೆ ತಂದೆ. ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ವಾಷರ್ ತಾಗಿದ ಮೇಲೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಅಷ್ಟೇ. ಜಾಸ್ತಿ ಬಿಗಿದರೆ ಹೆಡ್ಡಿನ ಥ್ರೆಡ್ ಹೋಗುತ್ತದೆ.

ಮುಂದಿನ ತಿಂಗಳು ಮತ್ತೆ ಅದೇ ಘಾಟಿ ಹತ್ತಿದೆ. ಟಕಟಕ ಇಲ್ಲ. ಕೊಟ್ಟಿಗೆಹಾರದಲ್ಲಿ ಕೀ ತಿರುಗಿಸಿದ ಕೂಡಲೇ ಇಂಜಿನ್ ತೆಪ್ಪಗಾಯಿತು. ಮನೆಗೆ ಬಂದು ಮೂರನೇ ಪ್ಲಗ್ ಬಿಚ್ಚಿದೆ: ತಿಳಿ ಕಾಫಿ ಬಣ್ಣ.