ಮರಳು ದಿಬ್ಬದ ಮೇಲೆ ಗಾಡಿ: ಮೊದಲು ನಿಲ್ಲಿಸುವುದು ಕಲಿಯಿರಿ

ರಜೆಗೆಂದು ಮರುಭೂಮಿಗೆ ಹೋಗಿ ಫೋರ್ ವೀಲ್ ಡ್ರೈವ್ ಗಾಡಿ ಹಿಡಿಯುವವರು ಮೊದಲು ಕೇಳುವುದು ಎಂಜಿನ್ ಎಷ್ಟು ದೊಡ್ಡದು ಅಂತ. ಮರಳಿನ ಮಟ್ಟಿಗೆ ಅದು ನಾಲ್ಕನೆಯದಾಗಿಯೋ ಐದನೆಯದಾಗಿಯೋ ಕೇಳಬೇಕಾದ ಪ್ರಶ್ನೆ. ಟೈರಿನಲ್ಲಿ ಗಾಳಿ ಎಷ್ಟಿದೆ? ಇದು ಮೊದಲನೆಯದು. ಗಾಡಿಯನ್ನು ಎಲ್ಲಿ, ಹೇಗೆ ನಿಲ್ಲಿಸಬೇಕು ಅಂತ ಓಡಿಸುವವರಿಗೆ ಗೊತ್ತಿದೆಯಾ? ಇದು ಎರಡನೆಯದು. ಮರಳಿನಲ್ಲಿ ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ನಿಲ್ಲಿಸುವುದನ್ನು ಮಾತ್ರ ಯಾರೂ ಕೇಳಿ ಕಲಿಯುವುದಿಲ್ಲ. ಹೂತುಹೋಗುವುದು ಎಷ್ಟೋ ಸಲ ಅಲ್ಲೇ.

ಹೊರಡುವ ಮುನ್ನ

ಬಾಡಿಗೆ ಗಾಡಿಯಾದರೆ ಕರಾರು ಪತ್ರವನ್ನು ಪೂರ್ತಿ ಓದಿ. ಗಾಡಿಗೆ ನಾಲ್ಕು ಚಕ್ರದ ಶಕ್ತಿ ಇದ್ದರೂ, ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ ಎಂಬ ಷರತ್ತು ಅನೇಕ ಕಡೆ ಇರುತ್ತದೆ. ನೆಲಕ್ಕೆ ತಗ್ಗಾಗಿ ಕೂತ, ಲೋ ರೇಂಜ್ ಗೇರ್ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರ್) ಇಲ್ಲದ ಆಲ್ ವೀಲ್ ಡ್ರೈವ್ ಕಾರುಗಳು ದೊಡ್ಡ ದಿಬ್ಬಗಳಿಗೆ ಬೇಡ.

ಒಂಟಿ ಗಾಡಿಯಲ್ಲಿ ಹೋಗಲೇಬೇಡಿ. ಕನಿಷ್ಠ ಎರಡು ಗಾಡಿ ಇರಲಿ. ಮೊದಲ ಸಲವಾದರೆ ಆ ಮರಳನ್ನು ಬಲ್ಲ ಮಾರ್ಗದರ್ಶಿಯ ಗಾಡಿ ಮುಂದಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಊರಲ್ಲಿ ಉಳಿದವರಿಗೆ ಹೇಳಿಟ್ಟಿರಿ. ಕುಡಿಯುವ ನೀರು ತಲೆಗೆ ದಿನಕ್ಕೆ 5 ಲೀಟರಿಗಿಂತ ಕಡಿಮೆ ಬೇಡ, ಅದರ ಮೇಲೆ ಒಂದು ದಿನದ್ದು ಜಾಸ್ತಿ ಇರಲಿ. ಇಂಧನಕ್ಕೆ ರಸ್ತೆಯ ಲೆಕ್ಕ ಹಿಡಿಯಬೇಡಿ. ಮೆತ್ತನೆ ಮರಳಿನಲ್ಲಿ ಅದರ ಎರಡು ಪಟ್ಟು ಕುಡಿಯುವ ಗಾಡಿಗಳಿವೆ.

ಸಾಮಾನಿನಲ್ಲಿ ಬಿಡಲೇಬಾರದ್ದು ಗಾಳಿ ಅಳೆಯುವ ಗೇಜ್, ಕಂಪ್ರೆಸರ್, ಉದ್ದ ಹಿಡಿಯ ಸಲಿಕೆ, ಹೂತ ಚಕ್ರದ ಕೆಳಗೆ ತೂರಿಸುವ ಹಲಗೆ ಅಂದರೆ ಸ್ಯಾಂಡ್ ಬೋರ್ಡ್ ಒಂದು ಜೊತೆ, ಎಳೆದರೆ ಹಿಗ್ಗುವ ರಿಕವರಿ ಹಗ್ಗ. ಕಂಪ್ರೆಸರ್ ಇಲ್ಲದವರು ಮತ್ತೆ ಗಾಳಿ ತುಂಬುವುದು ಹೇಗೆ ಅಂತ ಹೆದರಿ ಟೈರಿನ ಗಾಳಿ ಇಳಿಸುವುದೇ ಇಲ್ಲ. ಇಳಿಸದೆ ಹೂತುಕೊಳ್ಳುತ್ತಾರೆ. ಆಮೇಲೆ ಸಲಿಕೆಯದೇ ಕೆಲಸ.

ಕಾಲವನ್ನೂ ನೋಡಿಕೊಳ್ಳಿ. ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯ ಉದ್ಯಾನವನ್ನು ಅಲ್ಲಿನ ಬಿರುಬೇಸಿಗೆಯಲ್ಲಿ, ಅಂದರೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ಮುಚ್ಚಿಬಿಡುತ್ತಾರೆ. ಇಂಥ ನಿಯಮ ಇಲ್ಲದ ಕಡೆಯೂ ಬಿಸಿಲು ಬಿಸಿಲೇ ಅಲ್ವಾ?

ಗಾಳಿ ಇಳಿಸುವುದು

ಡಾಂಬರು ಮುಗಿದು ಮರಳು ಶುರುವಾಗುವ ಕಡೆ, ಗಟ್ಟಿ ನೆಲದ ಮೇಲೇ ಗಾಡಿ ನಿಲ್ಲಿಸಿ. ರಸ್ತೆಯಲ್ಲಿ ಟೈರಿಗೆ 32ರಿಂದ 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇರುತ್ತದೆ. ದಿಬ್ಬಗಳಿಗೆ ಇದನ್ನು 15ರಿಂದ 18ಕ್ಕೆ ಇಳಿಸಬೇಕು. ತುಂಬಾ ಭಾರ ಹೊತ್ತ ಗಾಡಿಗೆ ತುಸು ಹೆಚ್ಚಿರಲಿ. ನಾಲ್ಕೂ ಟೈರು ಒಂದೇ ಸಮ ಇರಬೇಕು. ದೂರದಿಂದ ಓಡಿಸಿಕೊಂಡು ಬಂದಿದ್ದರೆ ಟೈರು ಬಿಸಿಯಾಗಿ ಗೇಜ್ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಆದ್ದರಿಂದ ಆರಿದ ಮೇಲೆ ಇನ್ನೊಮ್ಮೆ ನೋಡಿ.

ಗಾಳಿ ಇಳಿದ ಟೈರು ಅಗಲವಾಗುತ್ತದೆ ಅಂತ ಹೇಳುವವರು ಬಹಳ. ಅಗಲವಾಗುವುದು ಸ್ವಲ್ಪ ಮಾತ್ರ. ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಲಾಭ ಇರುವುದು ಅದರಲ್ಲಿ. ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ, ಟೈರು ಮರಳನ್ನು ಕೊರೆಯದೆ ಅದರ ಮೇಲೆ ತೇಲುತ್ತದೆ.

ಇದು ಹೊಸ ವಿದ್ಯೆಯೇನಲ್ಲ. 1920ರ ದಶಕದ ಕೊನೆಯಲ್ಲಿ, 1930ರ ದಶಕದ ಮೊದಲಲ್ಲಿ ರಾಲ್ಫ್ ಬ್ಯಾಗ್ನಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಗೆಳೆಯರ ಜೊತೆ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡಿನಲ್ಲಿ ಫೋರ್ಡ್ ಕಾರು ಓಡಿಸಿದರು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುತ್ತಿದ್ದ ಕಾರುಗಳು ಅವು. ಟೈರಿನ ಗಾಳಿ ಇಳಿಸಿ, ಹೂತಾಗ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ಕೊಟ್ಟು ಅವರು ದಿಬ್ಬದ ಮೇಲೆ ದಿಬ್ಬ ದಾಟಿದರು. ಆ ಅನುಭವವನ್ನೇ ಬಂಡವಾಳ ಮಾಡಿಕೊಂಡು ಬ್ಯಾಗ್ನಲ್ಡ್ 1940ರಲ್ಲಿ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿ ಕಟ್ಟಿದರು. ಇವತ್ತಿನ ಯಾವ ಬಾಡಿಗೆ ಜೀಪಿನ ಮುಂದೂ ಆ ಕಾರುಗಳ ಎಂಜಿನ್ ಲೆಕ್ಕಕ್ಕಿಲ್ಲ.

ಒಂದು ಎಚ್ಚರಿಕೆ ಇದೆ. ಗಾಳಿ ಕಡಿಮೆ ಇರುವಾಗ ವೇಗದಲ್ಲಿ ಗಕ್ಕನೆ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ದೊಡ್ಡದಾಗಿ, ನಿಧಾನವಾಗಿ ತಿರುಗಿಸಿ.

ದಿಬ್ಬವನ್ನು ಓದುವುದು

ದಿಬ್ಬದಲ್ಲಿ ಬೀಸುವ ಗಾಳಿ ಬರುವ ಕಡೆಯ ಮೈ ಇಳುಕಲಾಗಿ, ಗಟ್ಟಿಯಾಗಿ ಇರುತ್ತದೆ. ನೆತ್ತಿ ದಾಟಿದ ಮರಳು ಆಚೆ ಬದಿಗೆ ಜಾರಿ ಬಿದ್ದು ಕಡಿದಾದ, ಸಡಿಲವಾದ ಮುಖ ಆಗುತ್ತದೆ. ಒಣ ಮರಳು ನಿಲ್ಲುವ ಗರಿಷ್ಠ ಇಳಿಜಾರು ಸುಮಾರು 34 ಡಿಗ್ರಿ. ಜಾರು ಮುಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮೇಲಿಂದ ನೋಡಿದರೆ ಗೋಡೆಯಂತೆ ಕಾಣುತ್ತದೆ. ಏರುವುದು ಗಾಳಿ ಬದಿಯಿಂದ, ಇಳಿಯುವುದು ಜಾರು ಮುಖದಿಂದ. ಸಿಂಪ್ಸನ್‌ನಲ್ಲಿ ಸಾವಿರಕ್ಕೂ ಹೆಚ್ಚು ದಿಬ್ಬಗಳು ಸಾಲುಸಾಲಾಗಿ ಮಲಗಿವೆ. ಅವುಗಳ ಪೂರ್ವದ ಮೈ ಕಡಿದಾದದ್ದು, ಪಶ್ಚಿಮದ್ದು ಇಳುಕಲು. ಅದಕ್ಕೇ ಹೊಸಬರಿಗೆ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ ಅಂತ ಹೇಳುತ್ತಾರೆ.

ಹೊತ್ತು ಕೂಡ ಮುಖ್ಯ. ಬೆಳಗ್ಗೆ ಮರಳು ತಂಪಾಗಿ ಸ್ವಲ್ಪ ಬಿಗಿಯಾಗಿರುತ್ತದೆ, ಓರೆ ಬಿಸಿಲಿನಲ್ಲಿ ನೆರಳು ಬಿದ್ದು ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ನಡುಮಧ್ಯಾಹ್ನ ನೆರಳೇ ಇರುವುದಿಲ್ಲ. ಮುಂದಿನದು ಸಮತಟ್ಟೋ ಹತ್ತು ಅಡಿ ಗುಂಡಿಯೋ ಕಣ್ಣಿಗೆ ತಿಳಿಯುವುದೇ ಇಲ್ಲ. ಆ ಹೊತ್ತಿನಲ್ಲಿ ಊಟ ಮಾಡಿ, ಮಲಗಿ. ನಿನ್ನೆಯ ಚಕ್ರದ ಗುರುತನ್ನೂ ನಂಬಬೇಡಿ, ರಾತ್ರಿ ಬೀಸಿದ ಗಾಳಿಗೆ ನೆತ್ತಿಯ ಆಕಾರ ಬದಲಾಗಿರಬಹುದು.

ದಿಬ್ಬಗಳ ನಡುವಿನ ಬಿಳಿ ಉಪ್ಪಿನ ಬಯಲು ಗಟ್ಟಿ ರಸ್ತೆಯ ಹಾಗೆ ಕರೆಯುತ್ತದೆ. ಅರಬ್ ನಾಡುಗಳಲ್ಲಿ ಇದಕ್ಕೆ ಸಬ್ಖಾ ಅನ್ನುತ್ತಾರೆ. ಮೇಲೆ ತೆಳು ಪದರ, ಕೆಳಗೆ ಕೆಸರು. ಅದರಲ್ಲಿ ಇಳಿದ ಗಾಡಿಯನ್ನು ತೆಗೆಯುವುದು ಮರಳಿನಿಂದ ತೆಗೆಯುವುದಕ್ಕಿಂತ ಎಷ್ಟೋ ಕಷ್ಟ. ಸುತ್ತಿಕೊಂಡು ಹೋಗಿ.

ಹೊರಟಾಗ

ಡ್ಯಾಶ್‌ಬೋರ್ಡಿನ ಮೇಲೆ, ಸೀಟಿನ ಹಿಂದೆ ಬಿಡಿ ಸಾಮಾನು ಇರಬಾರದು, ಎಲ್ಲವನ್ನೂ ಕಟ್ಟಿಡಿ. ಎಲ್ಲರೂ ಬೆಲ್ಟ್ ಹಾಕಲೇಬೇಕು. ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಗೇರ್) ಹಾಕಿ, ಮುಂದಿನ ಹಿಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸೆಂಟರ್ ಡಿಫರೆನ್ಷಿಯಲ್ ಲಾಕ್ ಇದ್ದರೆ ಅದನ್ನೂ ಹಾಕಿ. ಸ್ಟೆಬಿಲಿಟಿ ಕಂಟ್ರೋಲ್ ಬಟನ್ ಒತ್ತಿ ಆಫ್ ಮಾಡಿ. ಚಕ್ರ ಸ್ವಲ್ಪ ಜಾರಿದ ತಕ್ಷಣ ಅದು ಎಂಜಿನ್ನಿನ ಶಕ್ತಿ ಕತ್ತರಿಸುತ್ತದೆ. ರಸ್ತೆಯಲ್ಲಿ ಅದು ಜೀವ ಉಳಿಸುತ್ತದೆ, ಏರಿನ ಅರ್ಧದಲ್ಲಿ ನಿಮ್ಮನ್ನು ಹೂತುಬಿಡುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೆ ಗೇರನ್ನು ನೀವೇ ಹಿಡಿಯುವ ಮೋಡಿಗೆ ಹಾಕಿ. ತೀರಾ ಮೆತ್ತನೆ ಮರಳು, ಕಡಿದಾದ ಇಳುಕಲಿಗೆ ಫೋರ್ ಲೋ, ಅಂದರೆ ಲೋ ರೇಂಜ್ ಗೇರ್.

ಈಗ ಎಲ್ಲಕ್ಕಿಂತ ಮೊದಲು ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಸಮತಟ್ಟಾದ ಮರಳಿನಲ್ಲಿ ಸ್ವಲ್ಪ ವೇಗ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕ್ ಮುಟ್ಟಬೇಡಿ. ಕೆಲವೇ ಮೀಟರಿನಲ್ಲಿ ಮರಳೇ ಗಾಡಿಯನ್ನು ನಿಲ್ಲಿಸುತ್ತದೆ. ಇನ್ನೊಮ್ಮೆ ಬ್ರೇಕ್ ಹಾಕಿ ನಿಲ್ಲಿಸಿ, ಕೆಳಗಿಳಿದು ನೋಡಿ. ಪ್ರತಿ ಚಕ್ರದ ಮುಂದೂ ಮರಳಿನ ಸಣ್ಣ ಒಡ್ಡು ಎದ್ದಿರುತ್ತದೆ. ಮತ್ತೆ ಹೊರಡುವಾಗ ಗಾಡಿ ಮೊದಲು ಆ ಒಡ್ಡು ಹತ್ತಬೇಕು. ಅಲ್ಲೇ ಚಕ್ರ ಸುಮ್ನೆ ತಿರುಗಿ ಕೆಳಗಿಳಿಯುತ್ತದೆ. ಒಮ್ಮೆ ಇದನ್ನು ಕಣ್ಣಾರೆ ಕಂಡವರು ಮತ್ತೆ ಬ್ರೇಕಿನ ಮೇಲೆ ಕಾಲಿಡುವುದಿಲ್ಲ.

ಎಲ್ಲಿ ನಿಲ್ಲಿಸಬೇಕು? ಮೂತಿ ಇಳುಕಲಿನ ಕಡೆ ಇರುವ ಹಾಗೆ. ಹೊರಡುವಾಗ ಭೂಮಿಯೇ ಅರ್ಧ ಕೆಲಸ ಮಾಡುತ್ತದೆ. ಏರಿನ ನಡುವೆ, ಪಕ್ಕಕ್ಕೆ ವಾಲಿದ ಜಾಗದಲ್ಲಿ, ಬಟ್ಟಲಿನಂಥ ತಗ್ಗಿನ ತಳದಲ್ಲಿ ಫೋಟೊಗೆಂದು ನಿಲ್ಲಿಸಬೇಡಿ. ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಏರುವಾಗ ದಿಬ್ಬಕ್ಕೆ ನೇರವಾಗಿ ಹೋಗಿ, ಓರೆಯಾಗಿ ಅಲ್ಲ. ಬೇಕಾದ ವೇಗವನ್ನು ಬುಡದಲ್ಲೇ ಹಿಡಿಯಿರಿ. ಏರಿನ ಮಧ್ಯೆ ಒತ್ತಿದರೆ ವೇಗ ಬರುವುದಿಲ್ಲ, ಚಕ್ರ ಕೊರೆಯುತ್ತದೆ ಅಷ್ಟೇ. ನೆತ್ತಿ ಹತ್ತಿರ ಬರುತ್ತಿದ್ದಂತೆ ಕಾಲು ಸಡಿಲ ಬಿಡಿ. ಮುಂದಿನ ಚಕ್ರಗಳು ತುದಿ ದಾಟುವಷ್ಟು ಓಟ ಮಾತ್ರ ಉಳಿದಿರಬೇಕು. ಹೊಸಬರು ಎಡವುವುದು ಇಲ್ಲೇ. ಕಾಲು ಬೇಗ ತೆಗೆದರೆ ಹೊಟ್ಟೆ ನೆತ್ತಿಗೆ ಕೂತು ಗಾಡಿ ಸಿಕ್ಕಿಕೊಳ್ಳುತ್ತದೆ. ಅದರಿಂದ ಹೋಗುವುದು ಅರ್ಧ ಗಂಟೆಯ ಸಲಿಕೆ ಕೆಲಸ. ತಡವಾಗಿ ತೆಗೆದರೆ ಗಾಡಿ ಹಾರುತ್ತದೆ, ಮೂತಿ ಕೆಳಗಾಗಿ ಬೀಳುತ್ತದೆ, ಬೆನ್ನು ಮೂಳೆ ಮುರಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಸಲಿಕೆಯನ್ನೇ ಆರಿಸಿ.

ಆಚೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಇಳಿದು, ನಡೆದು ಹತ್ತಿ ನೋಡಿ. ನಾಚಿಕೆ ಏನೂ ಇಲ್ಲ. ಅದೇ ದಿಬ್ಬವನ್ನು ಆಚೆಯಿಂದ ಇನ್ನೊಬ್ಬರು ಏರುತ್ತಿರಬಹುದು. ಸಿಂಪ್ಸನ್‌ನಲ್ಲಿ ಗಾಡಿಗೆ ಉದ್ದ ಕೋಲಿನ ಬಾವುಟ ಕಡ್ಡಾಯ ಮಾಡಿರುವುದು ಇದಕ್ಕೇ. ಮುಂದಿನ ಗಾಡಿ ದಾಟಿ ಪಕ್ಕಕ್ಕೆ ಸರಿದಿದ್ದೇನೆ ಅಂತ ರೇಡಿಯೊದಲ್ಲಿ ಹೇಳುವವರೆಗೆ ಹಿಂದಿನವರು ಬುಡದಲ್ಲೇ ಕಾಯಬೇಕು.

ಏರಲಾಗದೆ ಅರ್ಧಕ್ಕೆ ನಿಂತರೆ ತಿರುಗಿಸಲು ಹೋಗಬೇಡಿ. ಅಡ್ಡ ತಿರುಗಿದ ಗಾಡಿಯೇ ಉರುಳುವುದು. ರಿವರ್ಸ್ ಗೇರ್ ಹಾಕಿ, ಸ್ಟೀರಿಂಗ್ ನೇರ ಇಟ್ಟು, ಹತ್ತಿದ ಗುರುತಿನಲ್ಲೇ ಹಿಂದಕ್ಕೆ ಇಳಿಯಿರಿ. ನ್ಯೂಟ್ರಲ್‌ನಲ್ಲಿ ಬಿಡಬಾರದು. ಎರಡನೆಯ ಸಲ ಸಾಮಾನ್ಯವಾಗಿ ಸುಲಭ, ನಿಮ್ಮದೇ ಗುರುತು ಸ್ವಲ್ಪ ಗಟ್ಟಿಯಾಗಿರುತ್ತದೆ. ಮೂರು ಸಲಕ್ಕೂ ಆಗದಿದ್ದರೆ ಇನ್ನೊಂದೆರಡು ಪಿಎಸ್‌ಐ ಇಳಿಸಿ, ಇಲ್ಲವೇ ಬೇರೆ ದಾರಿ ಹುಡುಕಿ.

ಇಳಿಯುವಾಗ ಮೂತಿ ನೇರ ಕೆಳಕ್ಕೆ ಇರಲಿ, ಗೇರ್ ಕೆಳಗಿನದು ಇರಲಿ. ಹಿಂಬದಿ ಪಕ್ಕಕ್ಕೆ ಎಳೆಯತೊಡಗಿದರೆ ಬ್ರೇಕ್ ಒತ್ತುವ ಆಸೆಯಾಗುತ್ತದೆ. ಮಾಡಬೇಕಾದ್ದು ಉಲ್ಟಾ: ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಮೂತಿಯನ್ನು ನೇರ ಮಾಡಿ. ಇಳುಕಲಿಗೆ ಅಡ್ಡವಾಗಿ ಹೋಗುವಾಗ ಗಾಡಿ ಜಾರಿದರೂ ಅಷ್ಟೇ, ಸ್ಟೀರಿಂಗ್ ಇಳುಕಲಿನ ಕಡೆಗೆ ತಿರುಗಬೇಕು. ಮೇಲಕ್ಕೆ ತಿರುಗಿಸಿದರೆ ಕೆಳಗಿನ ಚಕ್ರಗಳು ಮರಳಿಗೆ ಸಿಕ್ಕಿ ಗಾಡಿ ಮಗುಚುತ್ತದೆ.

ಹೂತಾಗ

ಹೂತುಹೋಗುವುದು ಎಲ್ಲರಿಗೂ ಆಗುತ್ತದೆ, ಅವಮಾನ ಅಲ್ಲ. ಒತ್ತುತ್ತಾ ಹೋಗುವುದು ಮಾತ್ರ ದಡ್ಡತನ. ಗಾಡಿ ಮುಂದಕ್ಕೆ ಹೋಗುತ್ತಿಲ್ಲ ಅನ್ನಿಸಿದ ಕ್ಷಣಕ್ಕೆ ಕಾಲು ತೆಗೆಯಿರಿ. ಚಕ್ರ ಇನ್ನೂ ಅರ್ಧ ಮುಳುಗದಿದ್ದರೆ ಬಂದ ಗುರುತಿನಲ್ಲೇ ಮೆಲ್ಲಗೆ ಹಿಂದಕ್ಕೆ ಬರಲು ನೋಡಿ. ಆಗದಿದ್ದರೆ ಇಳಿದು ಕೆಳಗೆ ಬಗ್ಗಿ ನೋಡಿ. ಹೊಟ್ಟೆ ಮರಳಿಗೆ ಕೂತಿದ್ದರೆ ಚಕ್ರದ ಮುಂದಷ್ಟೇ ಅಗೆದು ಏನೂ ಆಗದು, ಕೆಳಗಿನ ಮರಳನ್ನೂ ಎಳೆದು ಹಾಕಬೇಕು. ಸೈಲೆನ್ಸರ್ ಬಾಯಿ ಮುಚ್ಚಿದ್ದರೆ ಬಿಡಿಸಿ. ಎಸಿ ಹಾಕಿಕೊಂಡು ಒಳಗೆ ಕೂತವರಿಗೆ ಆ ಹೊಗೆ ಅಪಾಯ. ಗಾಳಿ 12ಕ್ಕೆ ಇಳಿಸಿ, ಚಕ್ರಗಳ ಮುಂದೆ ಇಳಿಜಾರಾಗಿ ಅಗೆದು ಬೋರ್ಡ್ ತೂರಿಸಿ. ಹೊರಡುವಾಗ ಬೋರ್ಡಿನ ಹಿಂದೆ ಮುಂದೆ ಯಾರೂ ನಿಲ್ಲಬಾರದು, ಚಕ್ರ ಅದನ್ನು ಎಸೆಯುತ್ತದೆ. ಹೊರಬಂದ ಮೇಲೆ ಗಾಳಿಯನ್ನು ಮೊದಲಿನ ಮಟ್ಟಕ್ಕೆ ಏರಿಸುವುದು ಮರೆಯಬೇಡಿ.

ಹಗ್ಗದಿಂದ ಎಳೆಸುವುದು ಕೊನೆಯ ಉಪಾಯ. ಹಗ್ಗವನ್ನು ಕಟ್ಟಬೇಕಾದ್ದು ಗಾಡಿಯ ಚೌಕಟ್ಟಿಗೆ (ಚಾಸಿಗೆ) ಕೂಡಿಸಿದ ರಿಕವರಿ ಪಾಯಿಂಟ್ ಎಂಬ ಗಟ್ಟಿ ಕೊಕ್ಕೆಗೆ. ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿಗೆ (ಟೋ ಬಾಲಿಗೆ) ಯಾವತ್ತೂ ಬೇಡ. ಹಿಗ್ಗಿದ ಹಗ್ಗದ ಸೆಳೆತಕ್ಕೆ ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಹಗ್ಗದ ನಡುವೆ ಭಾರದ ಕಂಬಳಿ ಹಾಕಿ. ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕದಲ್ಲಿ ನಿಲ್ಲಲಿ.

ದಾರಿ ತಪ್ಪಿದರೆ, ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ನೆರಳೂ ನೀರೂ ಅಲ್ಲೇ ಇವೆ.

ವಾಪಸ್ಸು ಡಾಂಬರಿಗೆ ಬಂದ ಮೇಲೆ ವೇಗ ಹಿಡಿಯುವ ಮೊದಲು ಗಾಳಿ ತುಂಬಿ. ಕಡಿಮೆ ಗಾಳಿಯಲ್ಲಿ ರಸ್ತೆ ಓಡಿದರೆ ಟೈರು ಕಾದು ಸಿಡಿಯಬಹುದು. ಸ್ಟೆಬಿಲಿಟಿ ಕಂಟ್ರೋಲ್ ಮತ್ತೆ ಆನ್ ಮಾಡಿ, ಡಿಫರೆನ್ಷಿಯಲ್ ಲಾಕ್ ತೆಗೆಯಿರಿ. ಗಾಡಿಯ ಅಡಿಗೆ ಒಣ ಹುಲ್ಲು ಸಿಕ್ಕಿಕೊಂಡಿದ್ದರೆ ಕಿತ್ತುಹಾಕಿ, ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುವುದುಂಟು. ನಾಲ್ಕು ಟೈರನ್ನು ಒಂದೇ ದಮ್ಮಿಗೆ ತುಂಬಿದರೆ ಸಣ್ಣ ಕಂಪ್ರೆಸರ್ ಸುಟ್ಟುಹೋಗಬಹುದು. ಎರಡು ಆದ ಮೇಲೆ ಅದಕ್ಕೂ ಸ್ವಲ್ಪ ವಿಶ್ರಾಂತಿ ಕೊಡಿ.