ಗವರ್ನರ್ ಅಂದರೆ ರಾಜಭವನದವರಲ್ಲ! ಅಮೆರಿಕದ ಪೌರತ್ವ ಪರೀಕ್ಷೆಗೆ ಓದುವುದು ಹೇಗೆ?

ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿ ಮಗಳ ಜೊತೆ ಇಲ್ಲಿ ನೆಲೆಸಿರುವ ಅಂಕಲ್ ಒಬ್ಬರು ಪರೀಕ್ಷೆಯ ಪ್ರಶ್ನೆಗಳನ್ನೆಲ್ಲ ಮಗ್ಗಿ ಥರ ಬಾಯಿಪಾಠ ಮಾಡಿಕೊಂಡಿದ್ದರು. "ಕಾನೂನು ಮಾಡೋದು ಯಾರು ಅಂಕಲ್?" ಅಂತ ಕೇಳಿದೆ. "ಕಾಂಗ್ರೆಸ್" ಅಂದರು ಥಟ್ಟನೆ. ಸರಿ ಉತ್ತರ. "ಹಾಗಾದ್ರೆ ಕಾಂಗ್ರೆಸ್ ಅಂದ್ರೆ ಯಾರು?" ಸ್ವಲ್ಪ ಯೋಚಿಸಿ, "ವಿರೋಧ ಪಕ್ಷ ಅಲ್ವಾ?" ಅಂದರು.

ನಗಬೇಡಿ. ನಮ್ಮವರು ಎಡವುವುದೇ ಇಲ್ಲಿ. ಓದದೆ ಫೇಲ್ ಆಗುವವರು ಕಡಿಮೆ. ನಮ್ಮೂರಿನ ಸರ್ಕಾರವನ್ನು ತಲೆಯಲ್ಲಿಟ್ಟುಕೊಂಡು ಅಮೆರಿಕದ್ದನ್ನು ಓದಿ ಗಲಿಬಿಲಿ ಮಾಡಿಕೊಳ್ಳುವವರು ಜಾಸ್ತಿ.

ಹಂತ 1: ನಿಮಗೆ ಯಾವ ಪರೀಕ್ಷೆ ನೋಡಿಕೊಳ್ಳಿ

2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ಪಟ್ಟಿಯಲ್ಲಿ 128 ಪ್ರಶ್ನೆ. ಅಧಿಕಾರಿ ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. ಅದಕ್ಕಿಂತ ಮೊದಲೇ ಹಾಕಿದ್ದರೆ ಹಳೇದು: 100ರಲ್ಲಿ 10 ಪ್ರಶ್ನೆ, 6 ಸರಿ. 65 ವರ್ಷ ದಾಟಿ, ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಸಿಕ್ಕಿ 20 ವರ್ಷ ಆಗಿದ್ದರೆ 20 ಪ್ರಶ್ನೆಗಳ ಚಿಕ್ಕ ಪಟ್ಟಿ ಓದಿದರೆ ಸಾಕು, ಉತ್ತರವನ್ನು ಕನ್ನಡದಲ್ಲೇ ಹೇಳಬಹುದು. 50 ವರ್ಷ ದಾಟಿ 20 ವರ್ಷದ ಗ್ರೀನ್ ಕಾರ್ಡ್, ಅಥವಾ 55 ದಾಟಿ 15 ವರ್ಷದ್ದು ಇದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಆದರೆ ಸರ್ಕಾರದ ಬಗ್ಗೆ ಕೇಳುವ ಪ್ರಶ್ನೆಗಳು ತಪ್ಪುವುದಿಲ್ಲ. ಇದನ್ನು "ಪರೀಕ್ಷೆನೇ ಇಲ್ಲ" ಅಂತ ತಿಳಿದು ಸುಮ್ನೆ ಹೋಗಿ ಕೂತವರನ್ನು ನೋಡಿದ್ದೇನೆ.

ದುಡ್ಡು ಕೊಟ್ಟು ಆಪ್ ತಗೋಬೇಡಿ, "ಗ್ಯಾರಂಟಿ ಪಾಸ್" ಕೋರ್ಸ್ ಅಂತೂ ಬೇಡವೇ ಬೇಡ. ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ಪೂರ್ತಿ ಪಟ್ಟಿ ಉತ್ತರದ ಸಮೇತ ಪುಕ್ಕಟೆ ಇದೆ. ಯೂಟ್ಯೂಬಿನಲ್ಲಿ ಹಳೇ ನೂರು ಪ್ರಶ್ನೆಗಳದ್ದೇ ವಿಡಿಯೊಗಳು ಇನ್ನೂ ಓಡಾಡುತ್ತಿವೆ. ಯಾವುದಕ್ಕೂ ಕ್ಲಿಕ್ ಮಾಡುವ ಮುಂಚೆ ತಾರೀಖು ನೋಡಿ.

ಹಂತ 2: ಅರ್ಜಿ

ಎನ್-400 ಫಾರಂ ತುಂಬಿ ಕಳಿಸಿ. ಆನ್‌ಲೈನ್ ಆದರೆ ಫೀಸು 710 ಡಾಲರ್, ಕಾಗದದ್ದಾದರೆ 760. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ ಆಗಬೇಕು (90 ದಿನ ಮೊದಲೇ ಹಾಕಬಹುದು). ಆ 5 ವರ್ಷದಲ್ಲಿ ಒಟ್ಟು 30 ತಿಂಗಳಾದರೂ ಅಮೆರಿಕದಲ್ಲಿ ಇದ್ದಿರಬೇಕು. ಮೊಮ್ಮಗನ ನಾಮಕರಣಕ್ಕೆ ಅಂತ ಊರಿಗೆ ಹೋಗಿ, ಮಾವಿನಕಾಯಿ ಉಪ್ಪಿನಕಾಯಿ ಮುಗಿಸಿ, ದಸರಾನೂ ನೋಡಿಕೊಂಡು ಬರುವವರಿಗೆ ಇದೇ ಕುತ್ತು. ಒಂದೇ ಸಲ 6 ತಿಂಗಳು ದಾಟಿತೋ, ಕೇಳುವ ಪ್ರಶ್ನೆ ಜಾಸ್ತಿಯಾಗುತ್ತದೆ. ಒಂದು ವರ್ಷ ದಾಟಿದರೆ ಲೆಕ್ಕವೇ ಮುರಿಯಿತು. ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಪ್ರತಿ ಪ್ರಯಾಣದ ತಾರೀಖು ಬರೆದುಕೊಳ್ಳಿ.

ಹಂತ 3: ವಿಧಾನಸೌಧವನ್ನು ತಲೆಯಿಂದ ಕೆಳಗಿಳಿಸಿ

ಇದಕ್ಕೆ ಎರಡು ವಾರ ಕೊಡಿ. ಹೊಸ ಪಟ್ಟಿಯಲ್ಲಿ "ಯಾಕೆ" ಅಂತ ಕೇಳುವ ಪ್ರಶ್ನೆಗಳಿವೆ. ಸರ್ಕಾರಕ್ಕೆ ಮೂರು ಅಂಗ ಯಾಕೆ? ಪ್ರತಿನಿಧಿಗಳ ಅವಧಿ ಸೆನೆಟರ್‌ಗಳದ್ದಕ್ಕಿಂತ ಕಡಿಮೆ ಯಾಕೆ? ವ್ಯವಸ್ಥೆ ಅರ್ಥವಾಗದಿದ್ದರೆ ಇಂಥ ಉತ್ತರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ.

ಮೊದಲು ಕಾಂಗ್ರೆಸ್. ಇಲ್ಲಿ ಅದು ಪಕ್ಷ ಅಲ್ಲ, ಸಂಸತ್ತು. ಎರಡು ಮನೆ. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ 435 ಜನ, ಅವಧಿ 2 ವರ್ಷ. ಸೆನೆಟ್‌ನಲ್ಲಿ 100 ಜನ, 6 ವರ್ಷ. ಎರಡು ವರ್ಷಕ್ಕೊಮ್ಮೆ ಜನರ ಮುಂದೆ ಬಂದು ನಿಲ್ಲಬೇಕಾದವನು ಜನರ ಮಾತಿಗೆ ಕಿವಿ ಕೊಡಲೇಬೇಕಲ್ಲ, ಅದಕ್ಕೇ ಆ ಚಿಕ್ಕ ಅವಧಿ.

ಸೆನೆಟ್ ಅಂದ ಕೂಡಲೇ ನಮ್ಮವರು ರಾಜ್ಯಸಭೆ ಅಂದುಕೊಳ್ಳುತ್ತಾರೆ. ಅರ್ಧ ಸರಿ. ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31 ಸೀಟು, ಕರ್ನಾಟಕಕ್ಕೆ 12, ಸಿಕ್ಕಿಮ್‌ಗೆ ಒಂದು. ಸೆನೆಟ್‌ನಲ್ಲಿ ಹಾಗಿಲ್ಲ. ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ, 6 ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರೇ. ರಾಜ್ಯಸಭೆಗೆ ಎಂಎಲ್‌ಎಗಳು ಆರಿಸುತ್ತಾರೆ. ಸೆನೆಟರನ್ನು ಜನರೇ ನೇರವಾಗಿ ಆರಿಸುತ್ತಾರೆ. ಇದು 1913ರ 17ನೇ ತಿದ್ದುಪಡಿಯಿಂದ ಬಂದದ್ದು.

ಎರಡನೇದು ಗವರ್ನರ್. ನಮ್ಮಲ್ಲಿ ದೆಹಲಿಯಿಂದ ನೇಮಕವಾಗಿ ರಾಜಭವನದಲ್ಲಿ (ಈಗಿನ ಹೆಸರು ಲೋಕಭವನ) ಇರುವವರು. ಇಲ್ಲಿ ಗವರ್ನರ್ ಜನರಿಂದ ಗೆದ್ದು ಬಂದು ರಾಜ್ಯ ನಡೆಸುವವರು. ನಮ್ಮ ಮುಖ್ಯಮಂತ್ರಿ ಮಾಡುವ ಕೆಲಸ.

ಮೂರನೇದು ಸೆಕ್ರೆಟರಿ. ಐಎಎಸ್ ಅಧಿಕಾರಿ ಅಲ್ಲ, ಮಂತ್ರಿ. ಅದರಲ್ಲೂ "ಸೆಕ್ರೆಟರಿ ಆಫ್ ಸ್ಟೇಟ್" ಅನ್ನೋದು ದೊಡ್ಡ ಗುಂಡಿ. ನಮ್ಮ ಅಂಕಲ್ ಅದನ್ನು ರಾಜ್ಯದ ಮುಖ್ಯ ಕಾರ್ಯದರ್ಶಿ ಅಂದುಕೊಂಡಿದ್ದರು. ಕೇಂದ್ರದಲ್ಲಿ ಆ ಹುದ್ದೆ ವಿದೇಶಾಂಗ ಮಂತ್ರಿಯದು.

ನಾಲ್ಕನೇದು ಎಲ್ಲಕ್ಕಿಂತ ಕಷ್ಟ. ನಮ್ಮಲ್ಲಿ ಪ್ರಧಾನಿ, ಮಂತ್ರಿಗಳು ಸಂಸತ್ತಿನ ಒಳಗಿನವರೇ. ಇಲ್ಲಿ ಅಧ್ಯಕ್ಷರು ಕಾಂಗ್ರೆಸ್ಸಿನ ಸದಸ್ಯರಲ್ಲ. ಮಂತ್ರಿಯಾಗಿರುವಷ್ಟು ದಿನ ಯಾರೂ ಕಾಂಗ್ರೆಸ್ಸಿನಲ್ಲಿ ಇರುವಂತಿಲ್ಲ, ಸಂವಿಧಾನವೇ ಬೇಡ ಅನ್ನುತ್ತದೆ. ಹಾಗಾಗಿ ಬಹುಮತ ಸಾಬೀತು, ಅವಿಶ್ವಾಸ ನಿರ್ಣಯ, ರೆಸಾರ್ಟಿಗೆ ಬಸ್ಸು, ಇದ್ಯಾವುದೂ ಇಲ್ಲ. ಅಧ್ಯಕ್ಷರನ್ನು ಅವಧಿಗೆ ಮೊದಲು ಕಾಂಗ್ರೆಸ್ ತೆಗೆಯಬೇಕಾದರೆ ಹೌಸ್ ಆರೋಪ ಹೊರಿಸಬೇಕು, ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಮತದಿಂದ ತಪ್ಪಿತಸ್ಥ ಅನ್ನಬೇಕು.

ಅಂಗಗಳು ಒಂದನ್ನೊಂದು ಹೇಗೆ ಹಿಡಿದು ನಿಲ್ಲಿಸುತ್ತವೆ ಅನ್ನುವುದಕ್ಕೆ ನಾನು ಹೇಳುವುದು ಮಂಡ್ಯದ ಕಥೆ. ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮ 2013ರ ನವೆಂಬರಿನಲ್ಲಿ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯ) ಹುದ್ದೆಗೆ ಹೆಸರಿಸಿದರು. ಅಧ್ಯಕ್ಷರು ಹೇಳಿಬಿಟ್ಟರೆ ಮುಗಿಯಿತೇ? ಇಲ್ಲ, ಸೆನೆಟ್ ಒಪ್ಪಬೇಕು. ಬಂದೂಕಿನ ಹಿಂಸೆಯೂ ಆರೋಗ್ಯದ ಸಮಸ್ಯೆ ಅಂತ ಮೂರ್ತಿ ಹೇಳಿದ್ದು ಬಂದೂಕು ಪರ ಸಂಘಟನೆಗೆ ಹಿಡಿಸಲಿಲ್ಲ. ಕಡತ ಒಂದು ವರ್ಷದ ಮೇಲೆ ಕೂತಿತು. 2014ರ ಡಿಸೆಂಬರಿನಲ್ಲಿ 51-43 ಮತದಿಂದ ಒಪ್ಪಿಗೆ ಸಿಕ್ಕಿತು. ಇದನ್ನು ಹೇಳಿದ ಮೇಲೆ ನಮ್ಮ ಅಂಕಲ್‌ಗೆ ಮೂರು ಅಂಗ ಯಾಕೆ ಅನ್ನುವುದು ಮತ್ತೆ ಮರೆಯಲಿಲ್ಲ.

ಸುಪ್ರೀಂ ಕೋರ್ಟ್ ಸುಲಭ. 9 ನ್ಯಾಯಮೂರ್ತಿಗಳು, ನಮ್ಮಲ್ಲಿರುವಂತೆ 65ಕ್ಕೆ ನಿವೃತ್ತಿ ಇಲ್ಲ, ಜೀವನಪೂರ್ತಿ.

ಅಭ್ಯಾಸಕ್ಕೆ ಫ್ಲ್ಯಾಶ್ ಕಾರ್ಡ್ ಬೇಡ. ಒಂದು ಹಾಳೆಯಲ್ಲಿ ಮೂರು ಚೌಕ ಹಾಕಿ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ದಿನಾ ಕಾಫಿ ಕುಡಿಯುವಾಗ ಇಲ್ಲಿನ ಒಂದು ಸುದ್ದಿ ಓದಿ, ಅದರಲ್ಲಿ ಬಂದ ವ್ಯಕ್ತಿ ಯಾವ ಚೌಕದವರು ಅಂತ ಬರೆಯಿರಿ. ಹದಿನೈದು ದಿನ ಸಾಕು.

ಹಂತ 4: ನಿಮ್ಮ ಪ್ರತಿನಿಧಿ ಯಾರು?

ನಿಮ್ಮ ಪ್ರತಿನಿಧಿ ಯಾರು, ಸೆನೆಟರ್ ಯಾರು ಅನ್ನುವ ಪ್ರಶ್ನೆಗಳೂ ಪಟ್ಟಿಯಲ್ಲಿವೆ. ಹೌಸ್‌ನ ವೆಬ್‌ಸೈಟಿನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರ) ಹಾಕಿದರೆ ಪ್ರತಿನಿಧಿಯ ಹೆಸರು ಬರುತ್ತದೆ. ರಾಜ್ಯಗಳಿಗೂ ತಮ್ಮದೇ ಸೆನೆಟ್ ಇರುತ್ತದೆ, ಅಲ್ಲಿನವರ ಹೆಸರು ಹೇಳಿದರೆ ತಪ್ಪು. ಕೇಳುವುದು ವಾಷಿಂಗ್ಟನ್ನಿನವರನ್ನು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಗೆದ್ದು ಹೌಸ್‌ಗೆ ಹೋದರು. ಹಾಗಂತ ನ್ಯೂಜೆರ್ಸಿಯಲ್ಲಿ ಕೂತು ಅವರ ಹೆಸರು ಹೇಳಬೇಡಿ. ಪರೀಕ್ಷೆಯ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ, ಚುನಾವಣೆ ಆಗಿರಬಹುದು.

ಹಂತ 5: "ಯೆಸ್ ಯೆಸ್" ಬಿಡಿ

ಸಂದರ್ಶನದಲ್ಲಿ ಅಧಿಕಾರಿ ಅರ್ಜಿಯ ಪ್ರಶ್ನೆಗಳನ್ನೂ ಮತ್ತೆ ಕೇಳುತ್ತಾರೆ. ಮನೆಯಲ್ಲಿ ನಾನೇ ಅಧಿಕಾರಿಯಾಗಿ ನಮ್ಮತ್ತೆಗೆ ಇಂಗ್ಲಿಷಿನಲ್ಲಿ ಕೇಳಿದೆ: ನೀವು ಯಾವತ್ತಾದರೂ ಅಮೆರಿಕದ ಪ್ರಜೆ ಅಂತ ಹೇಳಿಕೊಂಡಿದ್ದೀರಾ? ಅತ್ತೆ ತಲೆ ಆಡಿಸಿ "ಯೆಸ್ ಯೆಸ್" ಅಂದರು. ನನಗೆ ಎದೆ ಧಸಕ್ ಅಂತು. "ಯಾವಾಗ ಅತ್ತೆ?" ಅಂದರೆ, "ನೀನು ಕೇಳಿದ್ದು ಅರ್ಥ ಆಯ್ತು ಅಂತ ಯೆಸ್ ಅಂದೆ ಕಣೇ!"

ನಮ್ಮ "ಹೂಂ" ಅಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ಅಲ್ಲಿ ಅದು ಒಪ್ಪಿಗೆ. ಪ್ರಶ್ನೆ ಪೂರ್ತಿ ಮುಗಿಯುವವರೆಗೆ ತಲೆ, ಬಾಯಿ ಎರಡೂ ಸುಮ್ಮನಿರಲಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ತಪ್ಪೇನಿಲ್ಲ.

ಇದೇ ತಲೆಯಾಡಿಸುವ ಚಟ ಲೈಸೆನ್ಸ್ ಮಾಡಿಸುವ ಕೌಂಟರಿನಲ್ಲೂ ಕೈಕೊಡುತ್ತದೆ. 1993ರ ಕಾನೂನಿನಿಂದಾಗಿ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಜೊತೆಗೇ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಗ್ರೀನ್ ಕಾರ್ಡಿನವರು "ಬೇಡ" ಅನ್ನಲೇಬೇಕು. ನನಗೆ ಗೊತ್ತಿರುವ ಹುಡುಗನೊಬ್ಬ ಅವಸರದಲ್ಲಿ ಟಿಕ್ ಹಾಕಿ ಬಂದಿದ್ದ. ಪ್ರಜೆ ಆಗದೆ ಪ್ರಜೆ ಅಂತ ಬರೆದುಕೊಟ್ಟರೆ ಪೌರತ್ವ ಹೋಗಲಿ, ದೇಶದಲ್ಲಿ ಇರುವುದಕ್ಕೇ ಕುತ್ತು ಬರಬಹುದು. ಹಾಗೇನಾದರೂ ಆಗಿದ್ದರೆ ಮುಚ್ಚಿಡಬೇಡಿ, ಅರ್ಜಿ ಹಾಕುವ ಮೊದಲೇ ವಕೀಲರನ್ನು ನೋಡಿ.

ಹಂತ 6: ಓದು, ಬರಹ

ಇಂಗ್ಲಿಷಿನಲ್ಲಿ ಮೂರರಲ್ಲಿ ಒಂದು ವಾಕ್ಯ ಓದಿದರೆ, ಮೂರರಲ್ಲಿ ಒಂದು ಬರೆದರೆ ಪಾಸ್. ವಾಟ್ಸ್ಯಾಪಿನ ಮೊಟಕು ಸ್ಪೆಲ್ಲಿಂಗ್ ಮಾತ್ರ ಬೇಡ. ಫೇಲ್ ಆದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಇದೆ.

ಹಂತ 7: ಪ್ರಮಾಣವಚನ ಆದಮೇಲೆ

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಒಸಿಐ ಕಾರ್ಡಿಗೆ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗಲು ಕೊಡುವ ಕಾರ್ಡು) ಅರ್ಜಿ ಹಾಕಿ. ಹಳೇ ಪಾಸ್‌ಪೋರ್ಟ್ ಹಿಡಿದು ಪ್ರಯಾಣಕ್ಕೆ ಹೊರಡಬೇಡಿ. ಮತದಾರರ ಪಟ್ಟಿಗೆ ಈಗ ಧೈರ್ಯವಾಗಿ ಸೇರಿ. ಗಡುವು ರಾಜ್ಯಕ್ಕೊಂದು ಥರ, ಕೆಲವು ಕಡೆ ಮತದಾನಕ್ಕೆ 30 ದಿನ ಮೊದಲೇ ಮುಗಿದುಹೋಗುತ್ತದೆ.

ಇನ್ನು ಜ್ಯೂರಿ, ಅಂದರೆ ಸಾಮಾನ್ಯ ಜನರನ್ನೇ ಆರಿಸಿ ಕೋರ್ಟಿನಲ್ಲಿ ಕೂರಿಸಿ ಕೇಸಿನ ತೀರ್ಮಾನ ಹೇಳಿಸುವ ಪದ್ಧತಿ. ನಮ್ಮಲ್ಲಿ ಈ ಪದ್ಧತಿ ಹೋಗಿ ಐವತ್ತು ವರ್ಷದ ಮೇಲಾಯಿತು. ಅದಕ್ಕೇ ಕೋರ್ಟಿನ ಲಕೋಟೆ ಬಂದರೆ ನಮ್ಮವರು ಒಂದೋ ಯಾರು ಕೇಸ್ ಹಾಕಿದರು ಅಂತ ಹೆದರುತ್ತಾರೆ, ಇಲ್ಲ ಪಿಜ್ಜಾ ಕೂಪನ್ನಿನ ಜೊತೆ ಕಸಕ್ಕೆ ಎಸೆಯುತ್ತಾರೆ. ಎರಡೂ ಬೇಡ. ಗ್ರೀನ್ ಕಾರ್ಡ್ ಇರುವಾಗಲೇ ಬಂದರೆ "ಪ್ರಜೆ ಅಲ್ಲ" ಅಂತ ಗುರುತು ಹಾಕಿ ವಾಪಸ್ ಕಳಿಸಿ. ಪ್ರಜೆ ಆದಮೇಲೆ ಬಂದರೆ ಹೋಗಲೇಬೇಕು. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನಲ್ಲಿ ದಿನಕ್ಕೆ 50 ಡಾಲರ್ ಕೊಡುತ್ತಾರೆ.

ಊಟದ ಡಬ್ಬಿ, ಓದಲು ಏನಾದರೂ ಒಯ್ಯಿರಿ, ಕಾಯುವುದೇ ಜಾಸ್ತಿ. ನಮ್ಮ ಮಾವ ಇಸ್ತ್ರಿ ಶರ್ಟ್ ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ತಯಾರಾಗಿದ್ದರು. ಸಂಜೆ ಬಂದವರ ಮುಖ ಸಪ್ಪಗಿತ್ತು. "ಒಂದು ಸಲಾನೂ ನನ್ನ ಹೆಸರು ಕೂಗಲಿಲ್ಲ ಕಣಮ್ಮ," ಅಂದರು.